ಕ್ಯಾಪ್ಟನ್ ಅಂದ್ರೆ ಶ್ರೀರಾಮಚಂದ್ರನೇ ಆಗಿರಬೇಕಾ?

1988ರ ಜೂನ್ ತಿಂಗಳು. ನಾಟಿಂಗ್‌ಹ್ಯಾಮ್ ಟೆಸ್ಟ್ ನಡೆಯುತ್ತಿದ್ದಾಗ ಇಂಗ್ಲೆಂಡ್ ಕ್ಯಾಪ್ಟನ್ ಮೈಕ್ ಗ್ಯಾಟಿಂಗ್ ಹೋಟೆಲಿನ ತನ್ನ ರೂಮಿಗೆ ಒಬ್ಬ ಹೆಂಗಸನ್ನು ಕರೆದುಕೊಂಡು ಹೋಗಿದ್ದ ಅಂತ ಅಲ್ಲಿನ ಪತ್ರಿಕೆಗಳು ಮುಖಪುಟದಲ್ಲಿ ಬರೆದವು. ಕುಡಿಯೋಕೆ ಕರೆದಿದ್ದು ನಿಜ, ಅದಕ್ಕಿಂತ ಹೆಚ್ಚಿಗೆ ಏನೂ ನಡೆದಿಲ್ಲ ಅಂತ ಗ್ಯಾಟಿಂಗ್ ಹೇಳಿದ. ತಮಾಷೆ ನೋಡಿ, ಕ್ರಿಕೆಟ್ ಬೋರ್ಡು ನಿನ್ನ ಮಾತನ್ನು ನಂಬುತ್ತೇವೆ ಅಂತಲೂ ಹೇಳಿತು, ಕ್ಯಾಪ್ಟನ್ಸಿಯನ್ನೂ ಕಿತ್ತುಕೊಂಡಿತು!

ಇದಕ್ಕೆ ಆರು ತಿಂಗಳ ಹಿಂದೆ, 1987ರ ಡಿಸೆಂಬರಿನಲ್ಲಿ, ಇದೇ ಗ್ಯಾಟಿಂಗ್ ಫೈಸಲಾಬಾದಿನಲ್ಲಿ ಅಂಪೈರ್ ಶಕೂರ್ ರಾಣಾ ಜೊತೆ ಮೈದಾನದ ನಡುವೆ ಬೆರಳು ತೋರಿಸಿಕೊಂಡು ಜಗಳಕ್ಕೆ ನಿಂತಿದ್ದ. ಆ ಫೋಟೋವನ್ನು ನೀವು ಎಲ್ಲಾದರೂ ನೋಡಿಯೇ ಇರುತ್ತೀರಿ. ಕ್ಯಾಪ್ಟನ್ ಕ್ಷಮೆ ಕೇಳುವ ತನಕ ಮೈದಾನಕ್ಕೆ ಇಳಿಯಲ್ಲ ಅಂತ ಅಂಪೈರ್ ಹಟ ಹಿಡಿದ, ಒಂದು ಇಡೀ ದಿನದ ಆಟ ಹಾಳಾಯಿತು. ಕೊನೆಗೆ ಬೋರ್ಡಿನ ಒತ್ತಾಯಕ್ಕೆ ಗ್ಯಾಟಿಂಗ್ ಒಂದು ಚೀಟಿಯಲ್ಲಿ ಕ್ಷಮಾಪಣೆ ಗೀಚಿ ಕೊಟ್ಟ. ಆಮೇಲೆ ಏನಾಯ್ತು ಅಂದ್ಕೊಂಡಿರಿ? ಕಷ್ಟದ ಟೂರ್ ಮಾಡಿದ್ದಕ್ಕೆ ಅಂತ ಆಟಗಾರರಿಗೆ ತಲಾ ಸಾವಿರ ಪೌಂಡ್ ಬೋನಸ್. ಗ್ಯಾಟಿಂಗ್ ಕುರ್ಚಿ ಅಲ್ಲಾಡಲಿಲ್ಲ.

ಅಂದರೆ ಇಡೀ ಪ್ರಪಂಚದ ಎದುರು ಅಂಪೈರ್ ಜೊತೆ ಕಿತ್ತಾಡಿದರೆ ಕ್ಯಾಪ್ಟನ್ ಕ್ಯಾಪ್ಟನ್ನಾಗೇ ಇರಬಹುದು. ಬಾಗಿಲು ಹಾಕಿದ ರೂಮಿನಲ್ಲಿ ಒಂದು ಗ್ಲಾಸು ಎತ್ತಿದರೆ ಇರುವಂತಿಲ್ಲ. (ಅಂಪೈರ್ ಜಗಳದ ಸೇಡನ್ನೇ ಬೋರ್ಡಿನವರು ಈ ನೆಪದಲ್ಲಿ ತೀರಿಸಿಕೊಂಡರು ಅಂತ ಹೇಳುವವರೂ ಇದ್ದಾರೆ. ಇದ್ದರೂ ಇರಬಹುದು.) ಆ ಬೇಸಿಗೆಯಲ್ಲಿ ವೆಸ್ಟ್ ಇಂಡೀಸ್ ವಿರುದ್ಧದ ಒಂದೇ ಸರಣಿಗೆ ಇಂಗ್ಲೆಂಡ್ ನಾಲ್ಕು ಕ್ಯಾಪ್ಟನ್‌ಗಳನ್ನು ಬಳಸಿ 4-0ಯಲ್ಲಿ ಸೋತಿತು.

ಕ್ಯಾಪ್ಟನ್ ಆದವನ ಶೀಲ, ನಡತೆ ಎಲ್ಲ ಮಿಕ್ಕ ಹತ್ತು ಜನಕ್ಕಿಂತ ಒಂದು ಕೈ ಮೇಲಿರಬೇಕು ಅನ್ನೋ ಮಾತು ಬಂದಾಗಲೆಲ್ಲ ನನಗೆ ಈ ಗ್ಯಾಟಿಂಗ್ ನೆನಪಾಗುತ್ತಾನೆ. ಮೇಲಿರಬೇಕು, ಅದರಲ್ಲಿ ನನಗೆ ತಕರಾರಿಲ್ಲ. ನನ್ನ ತಕರಾರು ಇರೋದು ಯಾವ ವಿಷಯದಲ್ಲಿ ಮೇಲಿರಬೇಕು ಅನ್ನೋದರಲ್ಲಿ. ಕ್ಯಾಪ್ಟನ್ ಅನ್ನುವ ಪಟ್ಟದ ಜೊತೆ ಒಂದಿಷ್ಟು ಅಧಿಕಾರ ಬರುತ್ತೆ. ಯಾರಿಗೆ ಬೌಲಿಂಗ್ ಕೊಡಬೇಕು, ಯಾರನ್ನು ಕೂರಿಸಬೇಕು, ಔಟ್ ಕೇಳಬೇಕೋ ಬೇಡವೋ, ಯಾವ ಹೊಸ ಹುಡುಗನ ಪರವಾಗಿ ಸೆಲೆಕ್ಟರ್ಸ್ ಹತ್ರ ಮಾತಾಡಬೇಕು... ಈ ಅಧಿಕಾರವನ್ನು ಅವನು ಹೇಗೆ ಬಳಸುತ್ತಾನೆ ಅನ್ನೋದಕ್ಕೆ ಅವನನ್ನು ಕಟ್ಟುನಿಟ್ಟಾಗಿ ಕೇಳಿ. ಅವನು ಹೆಂಡತಿ ಜೊತೆ ಹೇಗಿದ್ದಾನೆ ಅಂತ ಕೇಳೋಕೆ ಅವನ ಹೆಂಡತಿ ಇದ್ದಾಳೆ.

ಹ್ಯಾನ್ಸಿ ಕ್ರೋನಿಯೆಯನ್ನೇ ತಗೊಳ್ಳಿ. ಶೀಲದ ಪರೀಕ್ಷೆ ಇಟ್ಟಿದ್ದರೆ 1990ರ ದಶಕದ ಕ್ಯಾಪ್ಟನ್‌ಗಳಲ್ಲಿ ಅವನೇ ಫಸ್ಟ್ ರ‍್ಯಾಂಕ್. ದೈವಭಕ್ತ, ಕೈಯಲ್ಲಿ ಯೇಸುವಿನ ಹೆಸರಿನ ಪಟ್ಟಿ, ಶಿಸ್ತಿನ ಸಿಪಾಯಿ. 2000ದ ಏಪ್ರಿಲ್ 7ರಂದು ದೆಹಲಿ ಪೊಲೀಸರು ಅವನ ಫೋನ್ ಮಾತುಕತೆಯ ಟೇಪ್ ಇದೆ ಅಂದಾಗ ಹೆಚ್ಚಿನವರು ನಂಬಲೇ ಇಲ್ಲ. ನಾಲ್ಕು ದಿನದಲ್ಲಿ ಅವನೇ ತನ್ನ ಬೋರ್ಡಿನ ಮುಖ್ಯಸ್ಥ ಅಲಿ ಬಾಕರ್‌ಗೆ ಫೋನ್ ಮಾಡಿ, ತಾನು ಪೂರ್ತಿ ನಿಜ ಹೇಳಿಲ್ಲ ಅಂತ ಒಪ್ಪಿಕೊಂಡ.

ಕ್ರೋನಿಯೆ ದುಡ್ಡು ತಗೊಂಡ ಅನ್ನೋದಕ್ಕಿಂತ ನನಗೆ ಜಾಸ್ತಿ ಸಿಟ್ಟು ಬರೋದು ಇನ್ನೊಂದು ವಿಷಯಕ್ಕೆ. ಆ ವರ್ಷ ಮಾರ್ಚಿನಲ್ಲಿ ನಮ್ಮ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ದಕ್ಷಿಣ ಆಫ್ರಿಕಾ ಭಾರತವನ್ನು ಇನಿಂಗ್ಸ್ ಮತ್ತು 71 ರನ್ನಿಂದ ಸೋಲಿಸಿತಲ್ಲ, ಆ ಟೆಸ್ಟಿನ ಸಮಯದಲ್ಲಿ ಬೆಂಗಳೂರಿನ ಹೋಟೆಲಿನಲ್ಲೇ ಅವನು ಕಾಲಿಸ್, ಬೌಚರ್, ಕ್ಲೂಸ್ನರ್ ಮೂವರ ಹತ್ರ ದುಡ್ಡಿನ ಮಾತು ಎತ್ತಿದ್ದ. ತಮಾಷೆ ಅನ್ನೋ ಧಾಟಿಯಲ್ಲಿ. ಅವರು ತಳ್ಳಿಹಾಕಿದರು. ಮೂವರೂ ಟೀಮಿನಲ್ಲಿ ಬೇರು ಬಿಟ್ಟಿದ್ದವರು, ಕ್ಯಾಪ್ಟನ್ ಮುಖ ಊದಿಸಿಕೊಂಡರೂ ಅವರ ಜಾಗಕ್ಕೆ ಏನೂ ಆಗ್ತಿರಲಿಲ್ಲ. ಆಮೇಲೆ ಮಾರ್ಚ್ 19ರ ನಾಗಪುರದ ಒಂದು ದಿನದ ಪಂದ್ಯಕ್ಕೆ ಅವನು ಹಿಡಿದದ್ದು ಯಾರನ್ನ? ಹರ್ಷಲ್ ಗಿಬ್ಸ್ ಮತ್ತು ಹೆನ್ರಿ ವಿಲಿಯಮ್ಸ್. ಇಬ್ಬರಿಗೂ ತಲಾ 15,000 ಡಾಲರ್ ಆಸೆ. ಗಿಬ್ಸ್ 20ರೊಳಗೆ ಔಟಾಗಬೇಕು, ವಿಲಿಯಮ್ಸ್ 50ಕ್ಕಿಂತ ಹೆಚ್ಚು ರನ್ ಬಿಟ್ಟುಕೊಡಬೇಕು. ಇಬ್ಬರೂ ಬಿಳಿಯರಲ್ಲ. ವಿಲಿಯಮ್ಸ್ ಅಂತೂ ಟೀಮಿನೊಳಗೆ ಒಂದು ಕಾಲು ಹೊರಗೆ ಒಂದು ಕಾಲು ಇಟ್ಟುಕೊಂಡಿದ್ದವ.

ಗಿಬ್ಸ್ ಮಾತು ಕೊಟ್ಟಿದ್ದರೂ 74 ಹೊಡೆದ. ವಿಲಿಯಮ್ಸ್ ಭುಜ ನೋಯಿಸಿಕೊಂಡು ಎರಡು ಓವರ್ ಕೂಡ ಮುಗಿಸಲಿಲ್ಲ. ಅಂದ್ಕೊಂಡ ಹಾಗೆ ಏನೂ ನಡೆಯಲಿಲ್ಲ, ಆದರೂ ಇಬ್ಬರೂ ಆರು ತಿಂಗಳು ಆಟದಿಂದ ಹೊರಗೆ. ಒಬ್ಬ ಸಾಧಾರಣ ಆಟಗಾರ ಬಂದು ಕೇಳಿದ್ದರೆ ಅವರು ಹೋಗಯ್ಯಾ ಅಂತಿದ್ದರೋ ಏನೋ. ಕೇಳಿದವನು ಕ್ಯಾಪ್ಟನ್. ಅವನಿಗೆ ಇಲ್ಲ ಅಂದರೆ ಮುಂದಿನ ಪಂದ್ಯದಲ್ಲಿ ಹೆಸರು ಇರುತ್ತಾ? ಕ್ಯಾಪ್ಟನ್‌ಗೆ ಬೇರೆಯವರಿಗಿಂತ ದೊಡ್ಡ ಶಿಕ್ಷೆ ಆಗಲೇಬೇಕು ಅನ್ನೋದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಾಗಿಲ್ಲ. ಅವನಿಗೆ ಆಜೀವ ನಿಷೇಧ ಆಯಿತು, ಸರಿಯಾಗೇ ಆಯಿತು. ಆ ಕೈಪಟ್ಟಿ, ಪ್ರಾರ್ಥನೆ ಯಾವುದೂ ಗಿಬ್ಸ್‌ನನ್ನೂ ವಿಲಿಯಮ್ಸ್‌ನನ್ನೂ ಕಾಪಾಡಲಿಲ್ಲ. ಪಾಪ, ಮನುಷ್ಯ 2002ರ ಜೂನ್ 1ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡ.

ಕಾಲೇಜು ದಿನಗಳಲ್ಲಿ ನಾನು ಬೆಂಗಳೂರಿನ ಒಂದು ಕೆಳ ಡಿವಿಷನ್ ಕ್ಲಬ್ಬಿಗೆ ಆಡ್ತಿದ್ದೆ. ನಮ್ಮ ಕ್ಯಾಪ್ಟನ್ ಬಗ್ಗೆ ಏರಿಯಾದಲ್ಲಿ ಒಳ್ಳೆ ಮಾತಿರಲಿಲ್ಲ. ಸಂಜೆಯಾದರೆ ಬಾರು, ಮನೆಯಲ್ಲಿ ರಗಳೆ. ನಮ್ಮಮ್ಮನಿಗೆ ಅವರ ಹೆಸರೆತ್ತಿದರೆ ಆಗ್ತಿರಲಿಲ್ಲ. ಆದರೆ ಯಾವ ಜೂನಿಯರ್ ಕ್ಯಾಚ್ ಬಿಟ್ಟರೂ ಸೆಕ್ರೆಟರಿ ಬೈಯೋಕೆ ಬಂದಾಗ 'ನಾನೇ ಅಲ್ಲಿ ನಿಲ್ಲಿಸಿದ್ದು ಸಾರ್, ಬಿಡಿ' ಅಂತಿದ್ದರು. ಸೆಕ್ರೆಟರಿಗೆ ಬೇಕಾದವರ ಮಗನೊಬ್ಬನನ್ನು ಆಡಿಸಿ ಅಂತ ಹೇಳಿಕಳಿಸಿದಾಗ, ಫಾರ್ಮಲ್ಲಿದ್ದ ಹುಡುಗನನ್ನು ಕೂರಿಸಲ್ಲ ಅಂತ ಹೇಳಿ ಮುಂದಿನ ಸೀಸನ್ ಕ್ಯಾಪ್ಟನ್ಸಿ ಕಳಕೊಂಡರು. ಅವರ ಮನೆಯವರು ಪಟ್ಟ ಕಷ್ಟವನ್ನು ನಾನು ಸಣ್ಣದು ಅನ್ನುತ್ತಿಲ್ಲ. ಆದರೆ ಕ್ಯಾಪ್ಟನ್ ಆಗಿ ಆ ಮನುಷ್ಯನಿಗೆ ಎಷ್ಟು ಮಾರ್ಕ್ಸ್ ಅಂತ ಆ ಹನ್ನೊಂದು ಹುಡುಗರನ್ನ ಕೇಳಬೇಕು, ಏರಿಯಾದವರನ್ನಲ್ಲ.

ಕೆಲವೊಮ್ಮೆ ಖಾಸಗಿ ವಿಷಯವೇ ಡ್ರೆಸ್ಸಿಂಗ್ ರೂಮಿನೊಳಗೆ ಬಂದು ಕೂರುತ್ತೆ, ಅದನ್ನೂ ಒಪ್ಪಬೇಕು. ಇಂಗ್ಲೆಂಡ್ ಫುಟ್‌ಬಾಲ್ ಕ್ಯಾಪ್ಟನ್ ಜಾನ್ ಟೆರಿ ಕಥೆ ಹಾಗೇ. ಸಹ ಆಟಗಾರ ವೇಯ್ನ್ ಬ್ರಿಜ್‌ನ ಮಾಜಿ ಗೆಳತಿಯ ಜೊತೆ ಅವನಿಗೆ ಸಂಬಂಧ ಇತ್ತು ಅಂತ ಪತ್ರಿಕೆಗಳು ಬರೆದವು, ಆಕೆ ಇಲ್ಲ ಅಂದಳು. 2010ರ ಫೆಬ್ರವರಿಯಲ್ಲಿ ಕೋಚ್ ಕಪೆಲ್ಲೋ ಟೆರಿಯನ್ನು ಕ್ಯಾಪ್ಟನ್ಸಿಯಿಂದ ಇಳಿಸಿದ. ಬ್ರಿಜ್ ಇನ್ನು ಇಂಗ್ಲೆಂಡಿಗೆ ಆಡಲ್ಲ ಅಂದ, ಕ್ಲಬ್ ಪಂದ್ಯದಲ್ಲಿ ಟೆರಿ ಚಾಚಿದ ಕೈಯನ್ನು ಮುಟ್ಟದೆ ಮುಂದೆ ಹೋದ. ಟೀಮು ಒಡೆಯುತ್ತೆ ಅಂತ ಕೋಚ್ ತಗೊಂಡ ನಿರ್ಧಾರ ಅಂದರೆ ನಾನು ಸುಮ್ಮನಾಗ್ತೇನೆ. ನೈತಿಕತೆ ಅಂದರೆ ಮಾತ್ರ ನಗು ಬರುತ್ತೆ, ಯಾಕಂದರೆ 2011ರ ಮಾರ್ಚಿನಲ್ಲಿ ಅದೇ ಕಪೆಲ್ಲೋ ಅದೇ ಟೆರಿಗೆ ಪಟ್ಟ ವಾಪಸ್ ಕೊಟ್ಟ. ಒಂದು ವರ್ಷದಲ್ಲಿ ಶೀಲ ವಾಪಸ್ ಬಂತಾ?

ಆಮೇಲೆ ಎದುರಾಳಿ ಆಟಗಾರನನ್ನು ಬಣ್ಣ ಹಿಡಿದು ನಿಂದಿಸಿದ ಅನ್ನುವ ಕೇಸು ಬಂದು, 2012ರ ಫೆಬ್ರವರಿಯಲ್ಲಿ ಫುಟ್‌ಬಾಲ್ ಸಂಸ್ಥೆ ಟೆರಿಯನ್ನು ಮತ್ತೆ ಇಳಿಸಿತು. ಈ ಸಲ ಕಪೆಲ್ಲೋ, ಆರೋಪ ಸಾಬೀತಾಗದೆ, ನನ್ನನ್ನು ಕೇಳದೆ ಇಳಿಸಿದ್ದು ತಪ್ಪು ಅಂತ ಮುನಿಸಿಕೊಂಡು ಕೆಲಸವನ್ನೇ ಬಿಟ್ಟ. ಕೋರ್ಟಿನಲ್ಲಿ ಟೆರಿ ಖುಲಾಸೆಯಾದ, ಫುಟ್‌ಬಾಲ್ ಸಂಸ್ಥೆಯ ವಿಚಾರಣೆಯಲ್ಲಿ ನಾಲ್ಕು ಪಂದ್ಯ ನಿಷೇಧ, 2,20,000 ಪೌಂಡ್ ದಂಡ ಬಿತ್ತು. ನನ್ನ ಲೆಕ್ಕದಲ್ಲಿ ಎರಡನೆಯದು ನೂರಕ್ಕೆ ನೂರು ಕ್ಯಾಪ್ಟನ್ಸಿಯ ವಿಷಯ. ತೋಳಿಗೆ ಪಟ್ಟಿ ಕಟ್ಟಿಕೊಂಡು ಕಪ್ಪು ಆಟಗಾರರನ್ನೂ ಮುನ್ನಡೆಸಬೇಕಾದವನ ಮೇಲೆ ಇಂಥ ಅನುಮಾನ ಇದ್ದರೆ ಅದು ಬಗೆಹರಿಯೋ ತನಕ ಪಟ್ಟಿ ಬಿಚ್ಚಿಡಬೇಕು.

'ಮಕ್ಕಳು ಕ್ಯಾಪ್ಟನ್ ನೋಡಿ ಕಲೀತಾವೆ' ಅಂತ ಒಂದು ವಾದ ಇದೆ. ಮಕ್ಕಳು ಹೋಟೆಲ್ ರೂಮಿನೊಳಗೆ ನೋಡಲ್ಲ ಸ್ವಾಮಿ, ಅದನ್ನು ತೋರಿಸೋದು ನಾವು. ಅವರು ನೋಡೋದು ಮೈದಾನ. 1980ರ ಫೆಬ್ರವರಿಯಲ್ಲಿ ಬೊಂಬಾಯಿಯ ಗೋಲ್ಡನ್ ಜುಬಿಲಿ ಟೆಸ್ಟಿನಲ್ಲಿ ನಮ್ಮ ಜಿ.ಆರ್. ವಿಶ್ವನಾಥ್ ಮಾಡಿದ್ದನ್ನು ಆಗ ಹುಟ್ಟದೇ ಇದ್ದವರೂ ಇವತ್ತಿಗೂ ಹೇಳ್ತಾರಲ್ಲ, ಅದು ಕಲಿಕೆ. ಇಂಗ್ಲೆಂಡ್ 58ಕ್ಕೆ 5 ವಿಕೆಟ್ ಕಳಕೊಂಡಿತ್ತು. ಬಾಬ್ ಟೇಲರ್ ಕೀಪರಿಗೆ ಕ್ಯಾಚ್ ಅಂತ ಅಂಪೈರ್ ಬೆರಳೆತ್ತಿಯಾಗಿತ್ತು. ಸ್ಲಿಪ್ಪಿನಲ್ಲಿದ್ದ ವಿಶಿಗೆ ಬ್ಯಾಟು ತಗುಲಿಲ್ಲ ಅಂತ ಗೊತ್ತಿತ್ತು. ಹೋಗಿ ಅಂಪೈರಿಗೆ ಹೇಳಿ ಟೇಲರ್‌ನನ್ನು ವಾಪಸ್ ಕರೆಸಿದರು. ಟೇಲರ್ ಮತ್ತು ಬೋಥಮ್ 171 ರನ್ ಸೇರಿಸಿದರು, ನಾವು ಹತ್ತು ವಿಕೆಟ್ಟಿನಿಂದ ಸೋತೆವು. ವಿಶಿ ಕ್ಯಾಪ್ಟನ್ ಆಗಿದ್ದೇ ಎರಡು ಟೆಸ್ಟಿಗೆ, ಅದರಲ್ಲಿ ಇದು ಎರಡನೆಯದು. ಆವತ್ತು ಸುಮ್ಮನಿದ್ದಿದ್ದರೆ ಯಾರೂ ಕೇಳ್ತಿರಲಿಲ್ಲ.

2008ರ ಜನವರಿಯ ಸಿಡ್ನಿ ಟೆಸ್ಟ್ ಇದರ ತದ್ವಿರುದ್ಧ. ಕ್ಯಾಚ್ ಹಿಡಿದವನ ಮಾತನ್ನು ನಂಬೋಣ ಅಂತ ಕುಂಬ್ಳೆ ಮತ್ತು ಪಾಂಟಿಂಗ್ ಮಾತಾಡಿಕೊಂಡಿದ್ದರು. ಗಂಗೂಲಿ ಕ್ಯಾಚನ್ನು ಕ್ಲಾರ್ಕ್ ಹಿಡಿದನೋ ಇಲ್ಲವೋ ಅನ್ನೋ ಅನುಮಾನದಲ್ಲಿ ಅಂಪೈರ್ ಕೇಳಿದ್ದು ಪಾಂಟಿಂಗ್‌ನನ್ನು. ಪಾಂಟಿಂಗ್ ಬೆರಳೆತ್ತಿದ, ಗಂಗೂಲಿ ಔಟ್. ಪಾಂಟಿಂಗ್ ಮನೆಯಲ್ಲಿ ಎಷ್ಟೇ ಒಳ್ಳೆ ಗಂಡನಾಗಿರಲಿ, ಆ ಬೆರಳಿಗೆ ಅದು ಉತ್ತರವಲ್ಲ. ಆಮೇಲೆ ಪರ್ತ್ ಟೆಸ್ಟಿಗೆ ಮುಂಚೆ ಬ್ರ್ಯಾಡ್ ಹಾಗ್ ಮೇಲಿನ ದೂರನ್ನು ವಾಪಸ್ ತಗೊಂಡವರು ನಮ್ಮ ಕುಂಬ್ಳೆ.

ಈಗ ಟಿಮ್ ಪೇನ್ ವಿಷಯಕ್ಕೆ ಬರ್ತೀನಿ, ಏಕೆಂದರೆ ಇದೇ ಎಲ್ಲಕ್ಕಿಂತ ಸಿಕ್ಕು. 2018ರ ಮಾರ್ಚಿನಲ್ಲಿ ಕೇಪ್‌ಟೌನಿನಲ್ಲಿ ಬ್ಯಾಂಕ್ರಾಫ್ಟ್ ಚೆಂಡಿಗೆ ಮರಳುಕಾಗದ ಉಜ್ಜಿ ಸಿಕ್ಕಿಬಿದ್ದ. ಕ್ಯಾಪ್ಟನ್ ಸ್ಮಿತ್‌ಗೆ ವಿಷಯ ಗೊತ್ತಿತ್ತು, ತಡೆಯಲಿಲ್ಲ. ಹೊಸ ಹುಡುಗನ ಕೈಯಲ್ಲಿ ಕಳ್ಳ ಕೆಲಸ, ನೋಡಿಯೂ ನೋಡದ ಕ್ಯಾಪ್ಟನ್, ಮತ್ತೆ ಅದೇ ಕಥೆ. ಸ್ಮಿತ್‌ಗೆ ಒಂದು ವರ್ಷ ನಿಷೇಧ, ಎರಡು ವರ್ಷ ನಾಯಕತ್ವ ಇಲ್ಲ. ಮಾನ ಉಳಿಸೋಕೆ ತಂದು ಕೂರಿಸಿದ್ದೇ ಪೇನ್‌ನನ್ನು. ಅವನು ಮುಂದಿನ ಟೆಸ್ಟಿಗೆ ಮುಂಚೆ ಎರಡೂ ಟೀಮಿನ ಕೈಕುಲುಕಿಸಿ ಶುರು ಮಾಡಿದ.

ಅದೇ 2018ರಲ್ಲಿ ಅವನ ಹಳೇ ಮೆಸೇಜುಗಳ ವಿಷಯ ಬೋರ್ಡಿಗೆ ಬಂತು. 2017ರ ನವೆಂಬರಿನಲ್ಲಿ ಕ್ರಿಕೆಟ್ ಟಾಸ್ಮೇನಿಯಾದಲ್ಲಿ ಕೆಲಸಕ್ಕಿದ್ದ ಮಹಿಳೆಗೆ ಕಳಿಸಿದ್ದ ಅಶ್ಲೀಲ ಮೆಸೇಜುಗಳು. ಆಗ ಅವನಿನ್ನೂ ಕ್ಯಾಪ್ಟನ್ ಅಲ್ಲ. ಬೋರ್ಡು ವಿಚಾರಿಸಿ, ನಿಯಮ ಮುರಿದಿಲ್ಲ ಅಂತ ಹೇಳಿ ಮುಚ್ಚಿಟ್ಟಿತು. 2021ರ ನವೆಂಬರಿನಲ್ಲಿ ಪತ್ರಿಕೆಗೆ ಸಿಕ್ಕಿತು ಅಂತ ಗೊತ್ತಾದ ಕೂಡಲೇ, ನವೆಂಬರ್ 19ರಂದು ಪೇನ್ ಕಣ್ಣೀರಿಟ್ಟುಕೊಂಡು ರಾಜೀನಾಮೆ ಕೊಟ್ಟ. ಮರುದಿನ ಬೋರ್ಡಿನ ಅಧ್ಯಕ್ಷರು, ಇವತ್ತಾಗಿದ್ದರೆ ನಾವು ಆ ನಿರ್ಧಾರ ತಗೊಳ್ತಿರಲಿಲ್ಲ ಅಂದರು.

ಇದು ಪೂರ್ತಿ ಖಾಸಗಿ ಅಂತ ನಾನು ಹೇಳಲ್ಲ. ಟೆಸ್ಟ್ ಆಟಗಾರ ಅದೇ ಸಂಸ್ಥೆಯ ಉದ್ಯೋಗಿಗೆ ಹೀಗೆಲ್ಲ ಕಳಿಸಿದರೆ ಅಲ್ಲಿ ದೊಡ್ಡವರು ಚಿಕ್ಕವರು ಅನ್ನೋ ಪ್ರಶ್ನೆ ಇದ್ದೇ ಇದೆ. ಹಾಗಾಗಿ ಕ್ಯಾಪ್ಟನ್ಸಿಗೆ ಅಡ್ಡಿ ಅನ್ನೋದಾದರೆ 2018ರಲ್ಲೇ ಅನ್ನಬೇಕಿತ್ತು. ಅಡ್ಡಿಯಲ್ಲ ಅನ್ನೋದಾದರೆ 2021ರಲ್ಲೂ ಬೆನ್ನಿಗೆ ನಿಲ್ಲಬೇಕಿತ್ತು. ನಡುವೆ 23 ಟೆಸ್ಟಿಗೆ ಅವನೇ ಕ್ಯಾಪ್ಟನ್. ಮೆಸೇಜಿನ ಒಂದು ಅಕ್ಷರ ಕೂಡ ಬದಲಾಗಿರಲಿಲ್ಲ, ಬದಲಾದದ್ದು ಅದನ್ನು ಓದುವವರ ಸಂಖ್ಯೆ. ಗ್ಯಾಟಿಂಗ್ ಕಾಲದಿಂದ ಬೋರ್ಡುಗಳು ನೈತಿಕತೆ ಅಂತ ಕರೀತಿರೋದು ಇದನ್ನೇ.

ಕಮಿನ್ಸ್ ಹೊಸ ಕ್ಯಾಪ್ಟನ್ ಆದ, ಸ್ಮಿತ್ ಉಪನಾಯಕ. ಆಶಸ್ ಸರಣಿಯ ಎರಡನೇ ಟೆಸ್ಟ್ ಶುರುವಾದದ್ದು 2021ರ ಡಿಸೆಂಬರ್ 16ಕ್ಕೆ, ಅಡಿಲೇಡಿನಲ್ಲಿ. ಕೋವಿಡ್ ಸೋಂಕಿತರ ಪಕ್ಕ ಇದ್ದ ಕಾರಣಕ್ಕೆ ಕಮಿನ್ಸ್ ಆಡುವಂತಿರಲಿಲ್ಲ. ಟೀಮಿನ ಬ್ಲೇಜರ್ ಹಾಕಿಕೊಂಡು ಟಾಸ್‌ಗೆ ಬಂದವನು ಸ್ಟೀವ್ ಸ್ಮಿತ್.