ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ

ಶಾಲೆ ತೆರೆದು ಮಳೆ ಹಿಡಿದ ಮೇಲೆ ಮಕ್ಕಳ ಚೀಲದಲ್ಲಿ ಮನೆಗೆ ಬರುವ ಕಾಗದಗಳಲ್ಲಿ ಗೈಡ್ಸ್ ದಳಕ್ಕೆ ಸೇರಲು ಪಾಲಕರ ಅನುಮತಿ ಕೇಳುವ ಪತ್ರವೂ ಒಂದು. ಮಗ ಸ್ಕೌಟಿಗೆ ಸೇರುತ್ತೇನೆಂದರೆ ಅದೇ ಸಂಜೆ ಸಹಿಯಾಗುತ್ತದೆ. ಮಗಳ ಪತ್ರ ಮಾತ್ರ ಗೋಡೆಯ ಪಂಚಾಂಗದ ಹಿಂದೆ ವಾರಗಟ್ಟಲೆ ಉಳಿದುಬಿಡುತ್ತದೆ. ಶಿಬಿರವೆಂದರೆ ರಾತ್ರಿ ಹೊರಗೆ ತಂಗಬೇಕಲ್ಲ, ಹತ್ತನೆಯ ತರಗತಿ ಹತ್ತಿರ ಬಂತಲ್ಲ, ಅವಳಪ್ಪ ಗಲ್ಫಿನಿಂದ ಬರಲಿ ಎಂದು ಕಾರಣಗಳು ಹಲವು. ನಿರಾಕರಿಸಿದೆವೆಂದು ಯಾರೂ ಹೇಳುವುದಿಲ್ಲ. ಕೊನೆಯ ದಿನಾಂಕವೇ ಆ ಕೆಲಸವನ್ನು ಮಾಡಿ ಮುಗಿಸುತ್ತದೆ.

ಗೈಡ್ಸ್ ಹುಟ್ಟಿದ್ದೇ ಇಂಥದೊಂದು ತಾರತಮ್ಯದಿಂದ. 1909ರಲ್ಲಿ ಲಂಡನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಹುಡುಗರ ಸ್ಕೌಟ್ ಮೇಳ ನಡೆದಾಗ, ಕರೆಯದೆ ಬಂದ ಹುಡುಗಿಯರ ಗುಂಪೊಂದು ತಮಗೂ ಸ್ಥಾನ ಬೇಕೆಂದು ನಿಂತಿತು. ಮರುವರ್ಷ ಬೇಡನ್ ಪೊವೆಲರ ತಂಗಿ ಆಗ್ನೆಸ್ ಅವರ ನೇತೃತ್ವದಲ್ಲಿ ಹುಡುಗಿಯರ ಸಂಘಟನೆ ಆರಂಭವಾಯಿತು. ನಮ್ಮಲ್ಲಿ 1950ರಲ್ಲಿ ಸ್ಥಾಪನೆಯಾದ ಭಾರತ್ ಸ್ಕೌಟ್ಸ್ ಸಂಸ್ಥೆಯೊಂದಿಗೆ ಗೈಡ್ಸ್ ವಿಲೀನವಾದದ್ದು 1951ರ ಆಗಸ್ಟ್ 15ರಂದು.

ದಳದಲ್ಲಿ ಹುಡುಗಿಯರು ಆರೆಂಟು ಮಂದಿಯ ಪೆಟ್ರೋಲ್‌ಗಳಾಗಿ ಕೆಲಸ ಮಾಡುತ್ತಾರೆ. ಗಂಟು ಕಟ್ಟುವುದು, ಪ್ರಥಮ ಚಿಕಿತ್ಸೆ, ನಕ್ಷೆ ಓದುವುದು, ಬಯಲಿನಲ್ಲಿ ಒಲೆ ಹೂಡಿ ಅಡುಗೆ ಮಾಡುವುದು ಮೊದಲಾದವನ್ನು ಕಲಿಯುತ್ತ ಪ್ರಥಮ ಸೋಪಾನದಿಂದ ರಾಜ್ಯ ಪುರಸ್ಕಾರದವರೆಗೆ ಏರುತ್ತಾರೆ. ಪೆಟ್ರೋಲ್ ನಾಯಕಿಯರು ಕುಳಿತು ದಳದ ಕಾರ್ಯಕ್ರಮ, ಶಿಸ್ತು, ಹಣದ ವಿಚಾರ ಚರ್ಚಿಸುವ ಸಭೆಗೆ ‘ಕೋರ್ಟ್ ಆಫ್ ಆನರ್’ ಎಂದು ಹೆಸರು. ಹದಿಮೂರರ ಹುಡುಗಿ ತನ್ನ ಅಭಿಪ್ರಾಯಕ್ಕೆ ಕಾರಣ ಕೊಟ್ಟು, ಇನ್ನೊಬ್ಬಳ ವಾದ ಕೇಳಿ, ನಿರ್ಣಯಕ್ಕೆ ಬದ್ಧಳಾಗಲು ಕಲಿಯುವುದು ಅಲ್ಲಿ. ನಮ್ಮ ನ್ಯಾಯಾಲಯದ ವರಾಂಡದಲ್ಲಿ ಈ ಗುಣ ಇಷ್ಟು ಸುಲಭವಾಗಿ ಕಾಣಸಿಗುವುದಿಲ್ಲವೆಂದು ಹೇಳಿದರೆ ಸಹೋದ್ಯೋಗಿಗಳು ಮುನಿಯಬಾರದು. ಗ್ರೇಸ್ ಅಂಕಗಳ ಆಕರ್ಷಣೆಯೂ ಇದೆ. ಆದರೆ ಅವುಗಳ ನಿಯಮ ಆಗಾಗ ಬದಲಾಗುವುದರಿಂದ ಆ ಲೆಕ್ಕದ ಮೇಲೆಯೇ ಮಗಳನ್ನು ಸೇರಿಸುವುದು ಸರಿಯಲ್ಲ.

ಇನ್ನು ಕಾನೂನಿನ ಮಾತು. ಸಂಘ ಕಟ್ಟುವ ಹಕ್ಕನ್ನು ನೀಡುವ ಸಂವಿಧಾನದ 19ನೇ ವಿಧಿಯಲ್ಲಿ ವಯಸ್ಸಿನ ಪ್ರಸ್ತಾಪವಿಲ್ಲ. 1992ರಲ್ಲಿ ಭಾರತ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯು ಮಕ್ಕಳಿಗೆ ಸಂಘಸ್ವಾತಂತ್ರ್ಯವಿದೆಯೆಂದೂ, ತಮಗೆ ಸಂಬಂಧಿಸಿದ ವಿಷಯದಲ್ಲಿ ಅವರ ಅಭಿಪ್ರಾಯಕ್ಕೆ ಬೆಲೆ ಕೊಡಬೇಕೆಂದೂ ಹೇಳುತ್ತದೆ. ಹಾಗೆಂದು ತಂದೆತಾಯಿಯ ಮೇಲೆ ಮಗಳು ದಾವೆ ಹೂಡಬೇಕೆಂದಲ್ಲ! ಅವಳನ್ನು ಕೇಳದೆ ಪತ್ರವನ್ನು ಪಂಚಾಂಗದ ಹಿಂದಕ್ಕೆ ಸೇರಿಸಬಾರದು, ಅಷ್ಟೆ. ತಂದೆ ವಿದೇಶದಲ್ಲಿದ್ದಾರೆಂಬ ಕಾರಣವೂ ನಿಲ್ಲುವುದಿಲ್ಲ. ‘ಪಾಲಕರು’ ಎಂದರೆ ತಂದೆ ಮಾತ್ರವೆಂದು ಅರ್ಥವಲ್ಲ. ಲೇಖಕಿ ಗೀತಾ ಹರಿಹರನ್ ಅವರ ಪ್ರಕರಣದಲ್ಲಿ, ಹಿಂದೂ ಪೋಷಕತ್ವ ಕಾಯಿದೆಯನ್ನು ಅರ್ಥೈಸುತ್ತ, ತಂದೆ ಜೀವಂತನಿದ್ದಾಗಲೂ ಅವನ ಅನುಪಸ್ಥಿತಿಯಲ್ಲಿ ತಾಯಿ ಸಹಜ ಪೋಷಕಿಯಾಗಬಲ್ಲಳೆಂದು ಸರ್ವೋಚ್ಚ ನ್ಯಾಯಾಲಯ 1999ರಲ್ಲಿಯೇ ಹೇಳಿದೆ. ತಾಯಂದಿರು ಅಂಜದೆ ಸಹಿ ಹಾಕಬಹುದು.

ಆದರೆ ಕಣ್ಣು ಮುಚ್ಚಿ ಅಲ್ಲ. ಭಯಕ್ಕೆ ಆಧಾರವಿಲ್ಲವೆಂದು ನಾನು ಹೇಳಲಾರೆ. ಶಿಬಿರಕ್ಕೆ ಜೊತೆಗೆ ಹೋಗುವ ಶಿಕ್ಷಕಿಯರು ಯಾರು, ರಾತ್ರಿ ಮಕ್ಕಳ ಕೋಣೆಯ ಬಳಿ ಯಾರಿರುತ್ತಾರೆ, ಶೌಚಾಲಯ ಎಲ್ಲಿದೆ, ವಾಹನ ಯಾರದು, ಮಗಳು ಮನೆಗೆ ಫೋನ್ ಮಾಡಲು ಬಯಸಿದರೆ ಯಾರ ಬಳಿ ಕೇಳಬೇಕು ಎಂಬುದನ್ನೆಲ್ಲ ವಿಚಾರಿಸಿ. ಇವುಗಳನ್ನು ಕೇಳಿದರೆ ಮುಖ ಗಂಟಿಕ್ಕುವ ಶಾಲೆಯಿದ್ದರೆ ಸಹಿಯನ್ನು ತಡೆಹಿಡಿಯುವುದು ಸರಿಯೇ. 2012ರ ಪೋಕ್ಸೋ ಕಾಯಿದೆಯಂತೆ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಸಂಸ್ಥೆಯ ಮರ್ಯಾದೆಯ ಹೆಸರಿನಲ್ಲಿ ಮುಚ್ಚಿಡುವುದೂ ಅಪರಾಧ. 1098 ಎಂಬ ಮಕ್ಕಳ ಸಹಾಯವಾಣಿ ಸಂಖ್ಯೆ ನಿಮಗಿಂತ ಮೊದಲು ಮಗಳಿಗೆ ಬಾಯಿಪಾಠವಿರಲಿ.

ಕಾಸರಗೋಡಿನ ನಮಗೆ ಇನ್ನೊಂದು ತೊಡಕಿದೆ. ಪತ್ರವೂ ಶಿಬಿರದ ಸೂಚನೆಗಳೂ ಎಷ್ಟೋ ಸಲ ಮಲಯಾಳದಲ್ಲಿರುತ್ತವೆ. ಅರ್ಥವಾಗದ ಪತ್ರಕ್ಕೆ ಹಾಕಿದ ಸಹಿಯನ್ನು ಒಪ್ಪಿಗೆಯೆಂದು ನಾನು ಕರೆಯಲಾರೆ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯು ಕನ್ನಡ ಅಲ್ಪಸಂಖ್ಯಾತರಿಗೆ ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು ನೀಡಿದೆ. ಉತ್ತರವೂ ಕನ್ನಡದಲ್ಲಿಯೇ ಬರತಕ್ಕದ್ದು. ಆದ್ದರಿಂದ ಪತ್ರದ ಕನ್ನಡ ಪ್ರತಿಯನ್ನು ಮೊದಲು ಮುಖ್ಯೋಪಾಧ್ಯಾಯರಲ್ಲಿ ಕೇಳಿ. ದೊರೆಯದಿದ್ದರೆ ಶಿಕ್ಷಣ ಉಪಜಿಲ್ಲಾ ಕಚೇರಿಗೆ ಕನ್ನಡದಲ್ಲಿಯೇ ಅರ್ಜಿ ಬರೆಯಿರಿ, ಪ್ರತಿಯೊಂದಕ್ಕೆ ಸ್ವೀಕೃತಿಯ ಮೊಹರು ಹಾಕಿಸಿ ಮನೆಯಲ್ಲಿಟ್ಟುಕೊಳ್ಳಿ.