ಫೈರಿಷ್ ಗುಡ್ಡದ ಮೇಲೊಂದು ನಾಗಪಟ್ಟಣ



ಹೋದ ಬೇಸಗೆಯ ರಜೆಯಲ್ಲಿ ನಾವು ಚೆನ್ನೈಯಿಂದ ಮಕ್ಕಳನ್ನು ಕಟ್ಟಿಕೊಂಡು ಶ್ರೀರಂಗಪಟ್ಟಣಕ್ಕೆ ಹೋಗಿದ್ದೆವು. ದರಿಯಾ ದೌಲತ್ತಿನ ಹೊರಗೋಡೆಯ ಮೇಲೆ ಪೊಲ್ಲಿಲೂರಿನ ಯುದ್ಧದ ಚಿತ್ರವಿದೆಯಷ್ಟೆ. ಸಾಲು ಸಾಲು ಕುದುರೆಗಳು, ಈಟಿ ಹಿಡಿದ ಸವಾರರು, ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡು ಕುಳಿತ ಇಂಗ್ಲಿಷ್ ಪಡೆಯ ಕರ್ನಲ್ ಬೇಯ್ಲಿ. ಅದನ್ನು ದಿಟ್ಟಿಸಿ ನೋಡುತ್ತಿದ್ದ ನಮ್ಮ ಕಿರಿಯ ಮಗಳು, “ಅಪ್ಪಾ, ಗೆದ್ದೋರು ಗೋಡೆ ಮೇಲೆ ಬರೆಸಿದ್ರು. ಸೋತೋರು ಅವರೂರಲ್ಲಿ ಏನು ಮಾಡಿದ್ರು?” ಎಂದು ಕೇಳಿಬಿಟ್ಟಳು. ನಮ್ಮಲ್ಲಿ ಉತ್ತರವಿರಲಿಲ್ಲ. “ಬಿಸಿಲು ಏರಿತು, ನಡಿಯಮ್ಮ” ಎಂದು ಆ ಹೊತ್ತಿಗೆ ಪಾರಾದೆವು.

ಆದರೆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಮನೆಗೆ ಬಂದು ಪುಸ್ತಕ, ನಕಾಶೆಗಳನ್ನು ತಿರುವಿಹಾಕಿದಾಗ ಉತ್ತರ ಸಿಕ್ಕಿದ್ದು ಸ್ಕಾಟ್ಲೆಂಡಿನ ಉತ್ತರ ಭಾಗದ ಒಂದು ಹಳ್ಳಿಯಲ್ಲಿ. ಈ ಅಂಕಣದ ವಾಡಿಕೆಯಂತೆ ಕುಳಿತಲ್ಲಿಂದಲೇ ಅಲ್ಲಿಗೆ ಹೋಗಿಬರೋಣ. ಟಿಕೀಟಿನ ಖರ್ಚಿಲ್ಲ, ರಜೆ ಮಂಜೂರಾದೀತೋ ಇಲ್ಲವೋ ಎಂಬ ತಾಪತ್ರಯವೂ ಇಲ್ಲ.

ಹಳ್ಳಿಯ ಹೆಸರು ಎವಂಟನ್. ಇನ್ವರ್ನೆಸ್ ಪಟ್ಟಣದಿಂದ ಉತ್ತರಕ್ಕೆ, ಕ್ರೊಮಾರ್ಟಿ ಎಂಬ ಕಡಲ ಕೋಡಿಯ ದಡದಲ್ಲಿದೆ. ರೈಲಿನಲ್ಲಿ ಹೋಗುವವರು ನೆರೆಯ ಅಲ್ನೆಸ್ಸಿನಲ್ಲಿ ಇಳಿಯಬೇಕು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿಯ ಜಮೀನುದಾರನೊಬ್ಬ ಈ ಊರನ್ನು ಕಟ್ಟಿಸಿ, ತನ್ನ ಮಗ ಎವನ್‌ನ ಹೆಸರನ್ನೇ ಇಟ್ಟನಂತೆ. ನಮ್ಮ ಕಡೆಯೂ ಕೆರೆಗೆ, ಅಗ್ರಹಾರಕ್ಕೆ ಮನೆಯವರ ಹೆಸರಿಡುತ್ತಿದ್ದರಲ್ಲವೇ, ಹಾಗೆ.

ಊರು ಚಿಕ್ಕದಾದರೂ ನೋಡುವುದಕ್ಕೆ ಕೊರತೆಯಿಲ್ಲ. ಮೊದಲನೆಯದು ‘ಕಪ್ಪುಬಂಡೆ’ಯ ಕಮರಿ. ಹೊಳೆಯೊಂದು ಬಂಡೆಯನ್ನು ಕೊರೆಕೊರೆದು ಸುಮಾರು ನೂರು ಅಡಿಗೂ ಹೆಚ್ಚು ಆಳಕ್ಕೆ ಇಳಿದುಬಿಟ್ಟಿದೆ. ಆದರೆ ಬಾಯಿ ಎಷ್ಟು ಕಿರಿದೆಂದರೆ ಕೆಲವೆಡೆ ಎರಡು ದಡಗಳ ಗಿಡಗಳು ಒಂದನ್ನೊಂದು ಮುಟ್ಟುವಂತಿವೆ. ಸೇತುವೆಯ ಮೇಲಿಂದ ಬಗ್ಗಿ ನೋಡಿದರೆ ಕತ್ತಲೆ, ಹಾವಸೆ, ಕೆಳಗೆಲ್ಲೋ ನೀರಿನ ಮೊರೆತ. ಬಾಲ್ಕನಿ ಮನೆತನದ ಒಡತಿಯೊಬ್ಬಳನ್ನು ಮಾಯಾವಿಯೊಬ್ಬ ಈ ಕಮರಿಯೊಳಕ್ಕೆ ಕರೆದೊಯ್ದನೆಂದೂ, ಅವಳು ಹೋಗುವಾಗ ಮನೆಯ ಬೀಗದ ಕೈ ಗೊಂಚಲನ್ನು ದಡಕ್ಕೆ ಎಸೆದಳೆಂದೂ, ಅದು ತಾಗಿದ ಗುರುತು ಬಂಡೆಯ ಮೇಲೆ ಉಳಿಯಿತೆಂದೂ ಕತೆ ಹೇಳುತ್ತಾರೆ. ದೆವ್ವ ಎಳೆದೊಯ್ಯುವಾಗಲೂ ಬೀಗದ ಕೈಯ ಚಿಂತೆ! ನಮ್ಮ ಮನೆಯಾಕೆ ಈ ಕತೆ ಕೇಳಿ, “ಗೃಹಿಣಿ ಎಲ್ಲಿದ್ದರೂ ಗೃಹಿಣಿಯೇ” ಎಂದಳು.

ಎರಡನೆಯದು ಊರಂಚಿನ ಕಾಡು. ಖಾಸಗಿಯವರ ಒಡೆತನದಲ್ಲಿದ್ದ ಈ ಕಾಡನ್ನು 2012ರಲ್ಲಿ ಹಳ್ಳಿಯವರೇ ಸಂಘ ಕಟ್ಟಿಕೊಂಡು ಕೊಂಡರು. ಈಗ ಅದು ಊರಿನ ಸ್ವತ್ತು. ಸಂಘವೆಂದರೆ ರಾಜ್ಯೋತ್ಸವ, ವಾರ್ಷಿಕೋತ್ಸವ, ಆಮೇಲೆ ಬಿಸಿಬೇಳೆ ಭಾತು ಎಂದುಕೊಂಡಿರುವ ನಮ್ಮಂಥವರು ಇದನ್ನು ಕೇಳಿ ಸ್ವಲ್ಪ ನಾಚಬೇಕು.

ಮೂರನೆಯದೇ ನಾವು ಹುಡುಕಿಕೊಂಡು ಬಂದದ್ದು. ಹಳ್ಳಿಯ ಬೆನ್ನಿಗೆ ಫೈರಿಷ್ ಎಂಬ ಗುಡ್ಡವಿದೆ. ಎತ್ತರ 453 ಮೀಟರು. ಪೈನ್ ಮರಗಳ ನಡುವಣ ಕಾಲುದಾರಿಯಲ್ಲಿ ಹತ್ತಬೇಕು. ಏರು ಸರಿಸುಮಾರು ಮೈಸೂರಿನಿಂದ ಚಾಮುಂಡಿ ಬೆಟ್ಟ ಹತ್ತಿದಷ್ಟು. ಮೆಟ್ಟಿಲುಗಳಿಲ್ಲ, ದಾರಿಯಲ್ಲಿ ನಂದಿಯೂ ಇಲ್ಲ. ನೆತ್ತಿ ತಲಪಿದಾಗ ಎದುರಾಗುವುದು ಒಂದು ಕಲ್ಲಿನ ಹೆಬ್ಬಾಗಿಲು. ನಡುವೆ ಕಮಾನುಗಳು, ಎರಡು ಪಕ್ಕಗಳಲ್ಲೂ ಕಂಬಗಳು. ಹಿಂದೆ ಕೋಟೆಯಿಲ್ಲ, ಮುಂದೆ ಪೇಟೆಯಿಲ್ಲ, ಬರಿಯ ಬಾಗಿಲು. ಅದರ ಮೂಲಕ ನೋಡಿದರೆ ಕೆಳಗೆ ಹೊಲಗಳು, ಅದರಾಚೆ ಕಡಲ ಕೋಡಿ. ಇದು ನಮ್ಮ ತಮಿಳುನಾಡಿನ ನಾಗಪಟ್ಟಣದ ಕೋಟೆ ಬಾಗಿಲಿನ ಪ್ರತಿರೂಪವೆಂದು ಪ್ರತೀತಿ!

ನಾಗಪಟ್ಟಣದ ಬಾಗಿಲು ಈ ಚಳಿಯ ಗುಡ್ಡವೇರಿದ್ದು ಹೇಗೆ? ಕಟ್ಟಿಸಿದವನು ಇಲ್ಲಿಯ ನೋವಾರ್ ಜಮೀನಿನ ಒಡೆಯ, ಸರ್ ಹೆಕ್ಟರ್ ಮನ್ರೋ. 1764ರಲ್ಲಿ ಬಕ್ಸಾರಿನಲ್ಲಿ ಕಂಪನಿ ಸರಕಾರಕ್ಕೆ ಜಯ ತಂದವನು. 1780ರ ಸೆಪ್ಟೆಂಬರಿನಲ್ಲಿ ಹೈದರಾಲಿಯೂ ಟಿಪ್ಪುವೂ ಪೊಲ್ಲಿಲೂರಿನಲ್ಲಿ ಕರ್ನಲ್ ಬೇಯ್ಲಿಯನ್ನು ಸುತ್ತುಗಟ್ಟಿದಾಗ, ಇದೇ ಮನ್ರೋ ದೊಡ್ಡ ಸೈನ್ಯದೊಂದಿಗೆ ಹತ್ತಿರದ ಕಂಚಿಯಲ್ಲಿದ್ದ. ಸಕಾಲಕ್ಕೆ ಬೇಯ್ಲಿಯನ್ನು ಕೂಡಿಕೊಳ್ಳಲಿಲ್ಲ. ಬೇಯ್ಲಿಯ ಪಡೆ ನಾಶವಾಯಿತೆಂದು ತಿಳಿದಾಗ ತನ್ನ ಭಾರಿ ಫಿರಂಗಿಗಳನ್ನು ಕಂಚಿಯ ಕೊಳಕ್ಕೆ ನೂಕಿ ಮದರಾಸಿನತ್ತ ಹಿಂದೆಗೆದ. ಬೇಯ್ಲಿ ಸೆರೆಯಾಗಿ 1782ರಲ್ಲಿ ಶ್ರೀರಂಗಪಟ್ಟಣದಲ್ಲೇ ತೀರಿಕೊಂಡ; ಅವನ ಸ್ಮಾರಕ ಗುಂಬಜಿನ ಹತ್ತಿರ ಇಂದಿಗೂ ಇದೆ. ಅವನೂ ಇನ್ವರ್ನೆಸ್ ಕಡೆಯವನೇ. ಅವನೊಡನೆ ಇದೇ ಸ್ಕಾಟಿಷ್ ಗುಡ್ಡಗಾಡಿನಿಂದ ಸೇರಿಸಿಕೊಂಡ ಸಿಪಾಯಿಗಳೂ ಇದ್ದರು. ಮರುವರ್ಷ, 1781ರ ನವೆಂಬರಿನಲ್ಲಿ, ಮನ್ರೋ ಡಚ್ಚರಿಂದ ನಾಗಪಟ್ಟಣವನ್ನು ಗೆದ್ದ. ಆಮೇಲೆ ಊರಿಗೆ ಮರಳಿದ.

ಈಗ ಮಗಳ ಪ್ರಶ್ನೆಗೆ ಉತ್ತರ ಸಿಕ್ಕಿತು. ಸೋತವನು ತನ್ನೂರಲ್ಲಿ ಗೆದ್ದದ್ದನ್ನು ಮಾತ್ರ ಕಟ್ಟಿಸಿದ. ಪೊಲ್ಲಿಲೂರು ನಮ್ಮ ಗೋಡೆಯ ಮೇಲಿದೆ. ನಾಗಪಟ್ಟಣ ಅವರ ಗುಡ್ಡದ ಮೇಲಿದೆ. ಎರಡನ್ನೂ ಕೂಡಿಸಿ ಓದದಿದ್ದರೆ ಎರಡೂ ಅರ್ಧ ಪಾಠ.

ಆದರೆ ಕತೆ ಇಲ್ಲಿಗೆ ಮುಗಿಯುವುದಿಲ್ಲ. 1782–83ರಲ್ಲಿ ಆ ಸೀಮೆಯಲ್ಲಿ ಬೆಳೆ ಕೆಟ್ಟು ಜನ ಹಸಿದಿದ್ದರು. ಬಾಗಿಲು ಎದ್ದದ್ದು ಆ ಕಾಲದಲ್ಲೇ. ಹಸಿದವರಿಗೆ ಕೂಲಿ ಸಿಗಲೆಂದೇ ಮನ್ರೋ ಇದನ್ನು ಕಟ್ಟಿಸಿದನೆಂದೂ, ಕೆಲಸ ಬೇಗ ಮುಗಿಯದಿರಲೆಂದು ರಾತ್ರಿ ಕಲ್ಲುಗಳನ್ನು ಕೆಳಕ್ಕೆ ಉರುಳಿಸಿ, ಹಗಲು ಅವೇ ಕಲ್ಲುಗಳನ್ನು ಮತ್ತೆ ಹೊರಿಸಿ, ಮತ್ತೆ ಕೂಲಿ ಕೊಟ್ಟನೆಂದೂ ಅಲ್ಲಿಯ ಜನ ಹೇಳುತ್ತಾರೆ. ನಮ್ಮ ಅಜ್ಜಂದಿರು ಹೇಳುತ್ತಿದ್ದ ಬರಗಾಲದ ಕಾಮಗಾರಿಗಳ ನೆನಪಾಗುತ್ತದೆ. ಇದನ್ನು ದಯೆ ಎನ್ನಬೇಕೋ, ದೊಡ್ಡವರ ತಮಾಷೆ ಎನ್ನಬೇಕೋ? ಒಂದೇ ಕಲ್ಲನ್ನು ಎರಡು ಸಲ ಹೊತ್ತವನ ಬೆನ್ನೇ ಹೇಳಬೇಕು.

ಅದೇ ಮನ್ರೋ ಕೆಲವು ವರ್ಷಗಳ ಮೇಲೆ ತನ್ನ ಜಮೀನಿನ ಕಿಲ್ಡರ್ಮೋರಿ ಎಂಬ ಭಾಗವನ್ನು ಹೊರಗಿನ ಕುರಿ ಸಾಕಣೆಯವರಿಗೆ ಗುತ್ತಿಗೆ ಕೊಟ್ಟ. ರೈತರಿಗಿಂತ ಕುರಿಗಳಿಂದಲೇ ಜಮೀನುದಾರರಿಗೆ ವರಮಾನ ಹೆಚ್ಚು. ದನ ಮೇಯಿಸುತ್ತಿದ್ದವರಿಗೆ ನೆಲ ತಪ್ಪಿತು. 1792ರಲ್ಲಿ ಅವರೆಲ್ಲ ಕೂಡಿ ಕುರಿಮಂದೆಗಳನ್ನು ಸೀಮೆಯಿಂದಾಚೆಗೆ ಅಟ್ಟಲು ಹೊರಟರು. ಸೈನ್ಯ ಬಂತು, ಜನ ಚದರಿದರು. ಆ ವರ್ಷಕ್ಕೆ ‘ಕುರಿಗಳ ವರುಷ’ ಎಂಬ ಹೆಸರೇ ನಿಂತಿತು. ಮುಂದಿನ ಕಾಲದಲ್ಲಿ ಸ್ಕಾಟ್ಲೆಂಡಿನ ಆ ಗುಡ್ಡಗಾಡಿನಿಂದ ಸಹಸ್ರಾರು ಸಂಸಾರಗಳು ಗಂಟುಮೂಟೆ ಕಟ್ಟಿ ಪಟ್ಟಣಗಳಿಗೆ, ಕೆನಡಾದಂಥ ದೂರ ದೇಶಗಳಿಗೆ ಹೋದವು. ಹೊಟ್ಟೆಪಾಡಿಗಾಗಿ ಊರು ಬಿಟ್ಟುಬಂದ ನಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಒಂದೇ ವ್ಯತ್ಯಾಸ: ನಾವು ವರ್ಷಕ್ಕೊಮ್ಮೆ ಊರಿಗೆ ಹೋಗಿ ದೇವರಿಗೆ ಹಣ್ಣುಕಾಯಿ ಮಾಡಿಸಿಕೊಂಡು ಬರುತ್ತೇವೆ, ಅವರಲ್ಲಿ ಬಹುಮಂದಿ ಮರಳಲೇ ಇಲ್ಲ.

ಅದೇ 1792ರ ಡಿಸೆಂಬರಿನಲ್ಲಿ ಬಂಗಾಳದ ಸಾಗರದ್ವೀಪದಲ್ಲಿ ಮನ್ರೋನ ಮಗನೊಬ್ಬ ಹುಲಿಯ ಬಾಯಿಗೆ ಬಿದ್ದು ಸತ್ತ. ಟಿಪ್ಪುವಿನ ಅರಮನೆಯಲ್ಲಿ ಸಿಕ್ಕಿದ, ಬಿಳಿಯನನ್ನು ಕೆಡವಿ ಗರ್ಜಿಸುವ ಮರದ ಹುಲಿಗೆ ಈ ಸುದ್ದಿಯೇ ಪ್ರೇರಣೆಯೆಂದು ನಂಬುವವರುಂಟು. ಆ ಹುಲಿ ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಇದೆಲ್ಲವನ್ನೂ ಒಂದು ಭಾನುವಾರ ಮಗಳಿಗೆ ಹೇಳಿದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಕಾಡು ಈಗ ಊರೋರದ್ದೇ ತಾನೆ?” ಎಂದಳು. ಹೌದೆಂದೆವು. “ಹಾಗಾದ್ರೆ ಸರಿ” ಎಂದು ಆಡಲು ಓಡಿದಳು.

ನಮ್ಮ ಸಂಘದ ಎಷ್ಟೋ ಮನೆಗಳ ಮಕ್ಕಳು ಈಗ ಬ್ರಿಟನ್ನಿನಲ್ಲಿ ಓದುತ್ತಿದ್ದಾರೆ, ಉದ್ಯೋಗದಲ್ಲಿದ್ದಾರೆ. ಅವರಲ್ಲಿ ಯಾರಾದರೂ ಉತ್ತರದ ಕಡೆ ಹೋದರೆ ಫೈರಿಷ್ ಹತ್ತಿ ಬರಲಿ. ಕಮಾನಿನ ಚಿತ್ರ ತೆಗೆದುಕೊಳ್ಳಲಿ, ಸಂತೋಷ. ಜೊತೆಗೆ ಅಲ್ಲಿಯ ಒಂದು ಕಲ್ಲನ್ನು ಕೈಯಿಂದ ಮುಟ್ಟಿ, ಅದನ್ನು ಹೊತ್ತವನನ್ನೂ ಕ್ಷಣಕಾಲ ನೆನೆಯಲಿ. ಆಮೇಲೆ ನಮಗೊಂದು ಕಾಗದ ಬರೆಯಲಿ. ಈ ಪುಟದಲ್ಲಿ ಅದಕ್ಕೆ ಜಾಗವಿದೆ.