ಊರಿಗೆ ಮರಳುವವರ ಲೆಕ್ಕದಲ್ಲಿ ಬಿಟ್ಟುಹೋದ ಏಳು ವರ್ಷ

ನವಿ ಮುಂಬಯಿ ವಿಮಾನ ನಿಲ್ದಾಣದಲ್ಲಿ 2025ರ ಡಿಸೆಂಬರ್ 25ರಂದು ಮೊದಲು ಬಂದಿಳಿದದ್ದು ಬೆಂಗಳೂರಿನ ವಿಮಾನ. ವಾಶಿಯ ಕನ್ನಡಿಗರ ಹಳೆಯ ಚರ್ಚೆ ಅದರೊಂದಿಗೆ ಮತ್ತೆ ಬಿಸಿಯೇರಿದೆ. ಸಂಸಾರವನ್ನು ಊರಿಗೆ ಸಾಗಿಸಿ ಇಲ್ಲಿನ ವ್ಯವಹಾರಕ್ಕೆ ಬಂದುಹೋಗುತ್ತಿದ್ದರೆ ಸಾಲದೇ ಎನ್ನುವವರು ಒಂದು ಕಡೆ. ನಿಲ್ದಾಣವೇ ಮನೆಬಾಗಿಲಿಗೆ ಬಂದಿರುವಾಗ, ಫ್ಲ್ಯಾಟಿಗೆ ಬೆಲೆ ಏರುತ್ತಿರುವಾಗ ಬಿಟ್ಟುಹೋಗುವುದು ಮೂರ್ಖತನ ಎನ್ನುವವರು ಇನ್ನೊಂದು ಕಡೆ. ಮದುವೆ ಊಟದ ಪಂಕ್ತಿಯಲ್ಲೂ ಪತ್ರಿಕೆಯ ಅಂಕಣದಲ್ಲೂ ಇವೇ ಎರಡು ವಾದ. ಚದರಡಿ ದರ, ಟಿಕೆಟ್ ದರ, ಬೆಂಗಳೂರಿನ ಟ್ರಾಫಿಕ್ಕು, ಊರಲ್ಲಿರುವ ತಾಯಿಯ ಮಂಡಿನೋವು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮಗು ಎಷ್ಟನೇ ತರಗತಿ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ತಂದೆ ತಾಯಿಯರಲ್ಲಿ ಒಬ್ಬರಾದರೂ ಕರ್ನಾಟಕದಲ್ಲಿ ಏಳು ವರ್ಷ ಓದಿದ್ದರೆ ಅವಸರ ಬೇಡ. ಮಗುವಿನ ಹತ್ತನೇ ತರಗತಿಯವರೆಗೂ ಯೋಚಿಸಲು ಸಮಯವಿದೆ. ಇಬ್ಬರೂ ಇಲ್ಲೇ ಓದಿದವರಾದರೆ, ಮಗು ಆರನೇ ತರಗತಿಗೆ ಸೇರುವ ಹೊತ್ತಿಗೆ ಊರಲ್ಲಿರಬೇಕು. ಆ ಗಡಿ ದಾಟಿದ್ದರೆ ಹನ್ನೆರಡನೆಯದು ಮುಗಿಯುವವರೆಗೆ ವಾಶಿ ಬಿಟ್ಟು ಕದಲಬೇಡಿ. ಉಳಿದ ಲಾಭ ನಷ್ಟಗಳೆಲ್ಲ ಇದರ ನಂತರದ ಮಾತು.

ಇದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ ಕೈಪಿಡಿಯಿಂದ ಹುಟ್ಟಿದ ಲೆಕ್ಕ. ಸರ್ಕಾರಿ ಕೋಟಾದ ಸೀಟಿಗೆ ಅರ್ಹತೆಯ ಮೊದಲ ದಾರಿ, ಒಂದರಿಂದ ಹನ್ನೆರಡನೇ ತರಗತಿಯೊಳಗೆ ಏಳು ವರ್ಷ ಕರ್ನಾಟಕದಲ್ಲಿ ಓದಿರುವುದು. ಆರರಿಂದ ಹನ್ನೆರಡು ಎಂದರೆ ಸರಿಯಾಗಿ ಏಳು. ಏಳನೇ ತರಗತಿಗೆ ಬಂದು ಸೇರಿದವನಿಗೆ ಒಂದು ವರ್ಷ ಕಡಿಮೆ. ಎರಡನೆಯ ದಾರಿ ಮುಂಬಯಿಯವರು ಓದದೆ ಬಿಟ್ಟ ಸಾಲು: ಮಗು ಎರಡು ವರ್ಷದ ಪಿಯುಸಿಯನ್ನು ಮಾತ್ರ ಕರ್ನಾಟಕದಲ್ಲಿ ಮುಗಿಸಿದರೂ ಸಾಕು, ತಂದೆ ಅಥವಾ ತಾಯಿ ಅಲ್ಲಿ ಕನಿಷ್ಠ ಏಳು ವರ್ಷ ಓದಿರಬೇಕು. ಅಂದರೆ ಲೆಕ್ಕಕ್ಕೆ ಬರುವ ಏಳು ವರ್ಷ ಮಗುವಿನದೇ ಆಗಬೇಕಿಲ್ಲ.

ಈ ಸಾಲನ್ನು ನಮ್ಮ ವಲಸೆಯ ಚರಿತ್ರೆಯ ಪಕ್ಕದಲ್ಲಿಟ್ಟು ನೋಡಿ. ಕುಂದಾಪುರ ಕಡೆಯ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೆಯದು ಮುಗಿಸಿ, ಹೋಟೆಲ್ ಕೆಲಸಕ್ಕೆಂದು ಬಸ್ ಹತ್ತಿದ ಹುಡುಗನ ಹತ್ತಿರ ಬೇರೇನೂ ಇರಲಿಲ್ಲ. ಆದರೆ ಒಂದರಿಂದ ಏಳರವರೆಗಿನ ಓದು ಇತ್ತು. ತನ್ನ ಮಗನಿಗೆ ಆತ ಕೊಡಬಹುದಾದ ಅರ್ಹತೆ ಆ ಶಾಲೆಯ ದಾಖಲಾತಿ ಪುಸ್ತಕದಲ್ಲಿದೆ. ಐದನೆಯದಕ್ಕೇ ಶಾಲೆ ಬಿಟ್ಟು ಬಂದವನಿಗೆ ಅದಿಲ್ಲ. ವಾಶಿಯಲ್ಲೇ ಹುಟ್ಟಿ, ಇಲ್ಲಿನ ಕಾನ್ವೆಂಟಿನಲ್ಲಿ ಓದಿ, ಎಂಜಿನಿಯರ್ ಆದ ಎರಡನೇ ತಲೆಮಾರಿನವನಿಗೂ ಇಲ್ಲ. ಓದು ಹೆಚ್ಚಿತು, ಅರ್ಹತೆ ಕರಗಿತು.

ಆ ಎಂಜಿನಿಯರ್ ಊರಿನ ಹುಡುಗಿಯನ್ನು ಮದುವೆಯಾಗಿದ್ದರೆ ಕಥೆ ಬೇರೆ. ಉಡುಪಿಯಲ್ಲೋ ಕಾರ್ಕಳದಲ್ಲೋ ಎಸ್ಸೆಸ್ಸೆಲ್ಸಿ ಮುಗಿಸಿ ಬಂದ ತಾಯಿಯ ವ್ಯಾಸಂಗ ಪ್ರಮಾಣಪತ್ರವೇ ಮಕ್ಕಳಿಗೆ ರಕ್ಷೆ. ಎಷ್ಟು ಮನೆಗಳಲ್ಲಿ ಆ ಕಾಗದ ಕೈಗೆಟುಕುವಂತಿದೆ? ಫ್ಲ್ಯಾಟಿನ ಅಗ್ರಿಮೆಂಟು ಬ್ಯಾಂಕ್ ಲಾಕರಿನಲ್ಲಿ. ಅಮ್ಮನ ಟಿಸಿ ತವರಿನ ಟ್ರಂಕಿನಲ್ಲಿ. ಅದನ್ನು ಹುಡುಕಿ, ಶಾಲೆಯಿಂದ ಪ್ರಮಾಣಪತ್ರ ಬರೆಸಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಹಾಕಿಸಬೇಕು. ಮಕ್ಕಳು ಕಡಿಮೆಯಾಗಿ ಶಾಲೆಯೇ ಮುಚ್ಚಿದ್ದರೆ ದಾಖಲೆ ಎಲ್ಲಿ ಹೋಯಿತೆಂದು ವಿಚಾರಿಸಬೇಕು. ಸಿಇಟಿ ಅರ್ಜಿಯ ಕೊನೆಯ ವಾರದಲ್ಲಿ ಮಾಡುವ ಕೆಲಸ ಇದಲ್ಲ.

ಇನ್ನು ಅತಿ ದೊಡ್ಡ ತಪ್ಪಿನ ವಿಷಯ. ಮುಂಬಯಿಯಿಂದ ಹತ್ತನೆಯದು ಮುಗಿಸಿದ ಮಕ್ಕಳನ್ನು ಮೂಡುಬಿದಿರೆ, ಮಂಗಳೂರಿನ ಪಿಯು ಕಾಲೇಜುಗಳ ಹಾಸ್ಟೆಲಿಗೆ ಕಳಿಸುವುದು ಈಗ ರೂಢಿ. ಕೋಚಿಂಗ್ ಚೆನ್ನಾಗಿದೆ, ಅಜ್ಜಿಮನೆ ಹತ್ತಿರ ಎಂಬ ಸಮಾಧಾನ. ತಂದೆ ತಾಯಿ ಊರಲ್ಲಿ ಓದಿದವರಾದರೆ ಇದು ಜಾಣತನ. ಇಬ್ಬರೂ ಇಲ್ಲೇ ಓದಿದವರಾದರೆ ಅತ್ತ ದರಿ, ಇತ್ತ ಪುಲಿ. ಮಹಾರಾಷ್ಟ್ರದ ಶೇ 85ರ ಎಂಬಿಬಿಎಸ್ ಕೋಟಾಕ್ಕೆ ಡೊಮಿಸೈಲ್ ಇದ್ದರೆ ಸಾಲದು. ಹತ್ತು ಮತ್ತು ಹನ್ನೆರಡು ಎರಡನ್ನೂ ಇಲ್ಲೇ ಪಾಸಾಗಿರಬೇಕು. ಹನ್ನೆರಡನೆಯದಕ್ಕೆ ಮೂಡುಬಿದಿರೆಗೆ ಹೋದ ಮಗು ಇಲ್ಲಿನದನ್ನು ಕಳೆದುಕೊಂಡಿತು. ಎರಡೇ ವರ್ಷ ಓದಿದ್ದರಿಂದ ಅಲ್ಲಿನದೂ ದಕ್ಕಲಿಲ್ಲ. ಎಂಜಿನಿಯರಿಂಗ್‌ನಲ್ಲಿ ಮಹಾರಾಷ್ಟ್ರ ಸಡಿಲ. ತಂದೆಯ ಅಥವಾ ತಾಯಿಯ ಡೊಮಿಸೈಲ್ ಅಲ್ಲಿ ಕೈಹಿಡಿಯುತ್ತದೆ. ವೈದ್ಯಕೀಯದಲ್ಲಿ ಆ ಕರುಣೆ ಇಲ್ಲ.

ಸುಪ್ರೀಂ ಕೋರ್ಟ್ ಡೊಮಿಸೈಲನ್ನೇ ಹೊಡೆದುಹಾಕಿತಲ್ಲ ಎಂದು ವಾದಿಸುವವರಿದ್ದಾರೆ. ಅವರು ಶೀರ್ಷಿಕೆ ಓದಿದ್ದಾರೆ, ತೀರ್ಪನ್ನಲ್ಲ. 2025ರ ಜನವರಿ 29ರ ತೀರ್ಪು ರದ್ದು ಮಾಡಿದ್ದು ಸ್ನಾತಕೋತ್ತರ ವೈದ್ಯಕೀಯ ಸೀಟುಗಳಲ್ಲಿನ ವಾಸಸ್ಥಳ ಮೀಸಲಾತಿಯನ್ನು. ದೇಶಕ್ಕೆಲ್ಲ ಒಂದೇ ಡೊಮಿಸೈಲ್ ಎಂದು ಹೇಳಿದ್ದೂ ನಿಜ. ಆದರೆ ಎಂಬಿಬಿಎಸ್ ಹಂತದಲ್ಲಿ ರಾಜ್ಯದವರಿಗೆ ಒಂದು ಪಾಲು ಇರಿಸಬಹುದೆಂಬ 1984ರ ಪ್ರದೀಪ್ ಜೈನ್ ಪ್ರಕರಣದ ನಿಲುವು ಹಾಗೆಯೇ ಉಳಿದಿದೆ.

ಜಾತಿ ಪ್ರಮಾಣಪತ್ರದ ಕಡೆಯೂ ಇದೇ ಕಥೆ. ಮಹಾರಾಷ್ಟ್ರದಲ್ಲಿ ಒಬಿಸಿ ಪ್ರಮಾಣಪತ್ರ ಬೇಕೆಂದರೆ ಕುಟುಂಬ 1967ರ ಅಕ್ಟೋಬರ್ 13ಕ್ಕೂ ಮೊದಲು ಇಲ್ಲಿ ನೆಲೆಸಿತ್ತೆಂದು ತೋರಿಸಬೇಕು. ಪರಿಶಿಷ್ಟ ಜಾತಿಗಾದರೆ 1950ರ ಆಗಸ್ಟ್ 10. ವಾಶಿಯನ್ನು ಕಟ್ಟಿದ ಸಿಡ್ಕೋ ಹುಟ್ಟಿದ್ದೇ 1970ರಲ್ಲಿ. ಎಪ್ಪತ್ತರ ನಂತರ ಬಂದ ಕುಟುಂಬ ಇಲ್ಲಿ ಅರ್ಧ ಶತಮಾನ ಕಳೆದರೂ ಕಡತದಲ್ಲಿ ಹೊರಗಿನದೇ. ಪರೇಲಿನ ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜಿನ ಪ್ರಕರಣದಲ್ಲಿ, ಬಾಲ್ಯದಲ್ಲೇ ಆಂಧ್ರದಿಂದ ಬಂದು ಇಲ್ಲೇ ಓದಿದ ಪರಿಶಿಷ್ಟ ಪಂಗಡದ ವಿದ್ಯಾರ್ಥಿಗೆ 1990ರಲ್ಲಿ ಸಂವಿಧಾನ ಪೀಠ ಹೇಳಿದ್ದೂ ಅದನ್ನೇ: ಮೀಸಲಾತಿ ಮೂಲ ರಾಜ್ಯದಲ್ಲಿ ಉಳಿಯುತ್ತದೆ, ನಿಮ್ಮೊಡನೆ ರೈಲು ಹತ್ತುವುದಿಲ್ಲ. ಊರಿಗೆ ಮರಳುವ ಪರವಾದ ಅತಿ ಗಟ್ಟಿ ವಾದ ಇದು. ಆದರೆ ಆ ಮೀಸಲಾತಿಯನ್ನು ಸಿಇಟಿಯಲ್ಲಿ ಬಳಸಬೇಕೆಂದರೂ ಮೊದಲು ಆ ಏಳು ವರ್ಷದ ಬಾಗಿಲು ದಾಟಬೇಕು.

ನಾವು ಕನ್ನಡಿಗರು, ಕರ್ನಾಟಕ ನಮ್ಮನ್ನು ಬಿಟ್ಟುಕೊಡುವುದುಂಟೇ ಎಂಬ ಭಾವುಕತೆಗೂ ಉತ್ತರ ಸಿಕ್ಕಿದೆ. ಆಡಳಿತ ಹುದ್ದೆಗಳಲ್ಲಿ ಶೇ 50, ಇತರ ಹುದ್ದೆಗಳಲ್ಲಿ ಶೇ 70 ಸ್ಥಳೀಯರಿಗೆ ಎಂದ 2024ರ ಜುಲೈ ಮಸೂದೆ ‘ಸ್ಥಳೀಯ’ ಯಾರೆಂದೂ ಹೇಳಿತ್ತು: ಕರ್ನಾಟಕದಲ್ಲಿ ಹುಟ್ಟಿ, 15 ವರ್ಷ ನೆಲೆಸಿ, ಕನ್ನಡ ಮಾತಾಡಲು, ಓದಲು, ಬರೆಯಲು ಬಲ್ಲವರು. ಉದ್ಯಮಿಗಳು ಗದ್ದಲ ಎಬ್ಬಿಸಿದ ಮೇಲೆ ಅದನ್ನು ತಡೆಹಿಡಿದರು. ವಾಶಿಯ ಆಸ್ಪತ್ರೆಯಲ್ಲಿ ಹುಟ್ಟಿದ ನಮ್ಮ ಮಕ್ಕಳು ಆ ವ್ಯಾಖ್ಯೆಯಿಂದ ಹೊರಗಿದ್ದರೆಂದು ಆಕ್ಷೇಪಿಸಿದ ದನಿ ಆ ಗದ್ದಲದಲ್ಲಿ ಕೇಳಲಿಲ್ಲ. ಮಸೂದೆ ನಿಂತಿದೆ, ಮನೋಭಾವ ನಿಂತಿಲ್ಲ.

ಹೊರನಾಡು ಕನ್ನಡಿಗರಿಗೆ ಸಿಇಟಿಯಲ್ಲಿ ಪ್ರತ್ಯೇಕ ವರ್ಗವಿದೆ ನಿಜ. ಅದಕ್ಕೆ ಅದರದೇ ಷರತ್ತುಗಳಿವೆ, ಮೇಲೊಂದು ಕನ್ನಡ ಪರೀಕ್ಷೆ. ನಾಲ್ಕನೇ ತರಗತಿ ಮಟ್ಟದ, 50 ಅಂಕಗಳ ಆ ಪರೀಕ್ಷೆಯಲ್ಲಿ 12 ಬಂದರೆ ಪಾಸು. ಇದಕ್ಕಿಂತ ಅಗ್ಗದ ವಿಮೆ ಇನ್ನೊಂದಿಲ್ಲ. ಆದರೂ ಯಕ್ಷಗಾನಕ್ಕೆ, ಸನ್ಮಾನಕ್ಕೆ ಸಭಾಂಗಣ ತುಂಬಿಸುವ ನಮ್ಮ ಮನೆಗಳಲ್ಲಿ ಹದಿನಾರರ ಹುಡುಗರು ಬಸ್ಸಿನ ಬೋರ್ಡನ್ನು ಅಕ್ಷರ ಕೂಡಿಸಿ ಓದುತ್ತಾರೆ. ಎಂಟನೆಯದರಲ್ಲಿ ಊರಿನ ಶಾಲೆಗೆ ಸೇರಿಸಿದರೆ 2015ರ ಕನ್ನಡ ಕಲಿಕಾ ಕಾಯ್ದೆಯ ಕನ್ನಡ ಎದುರಾಗುತ್ತದೆ. ಆಗ ಶಾಲೆಯನ್ನು ಬೈದು ಫಲವಿಲ್ಲ.

ಎಲ್ಲರೂ ಡಾಕ್ಟರಾಗಬೇಕೇ, ದುಡ್ಡಿದ್ದರೆ ಕಾಮೆಡ್-ಕೆ ಇಲ್ಲವೇ ಎಂದು ಕೇಳಬಹುದು. ಇದೆ, ಅದು ಇಡೀ ದೇಶಕ್ಕೆ ತೆರೆದ ಬಾಗಿಲು, ಅದಕ್ಕಾಗಿ ಮನೆ ಬದಲಿಸುವ ಅಗತ್ಯವೂ ಇಲ್ಲ. ಮಕ್ಕಳಿಲ್ಲದವರು, ಮಕ್ಕಳ ಓದು ಮುಗಿದವರು ಇಂದೇ ಹೊರಡಲಿ. ಶುದ್ಧ ಗಾಳಿ, ಊರಿನ ಮೀನು, ದೈವದ ಕೋಲ ಯಾವುದಕ್ಕೂ ಸಿಇಟಿ ಬೇಕಿಲ್ಲ. ನಡುವಯಸ್ಸಿನ ಸಂಸಾರಸ್ಥರಿಗೆ ಮಾತ್ರ ಆ ಸ್ವಾತಂತ್ರ್ಯವಿಲ್ಲ.

ಕರ್ನಾಟಕ ಸರ್ಕಾರಕ್ಕೆ ನಿಜವಾದ ಕಾಳಜಿ ಇದ್ದರೆ ರಾಜ್ಯೋತ್ಸವದ ಅನುದಾನಕ್ಕಿಂತ ಮೊದಲು ಎರಡು ಕೆಲಸ ಮಾಡಲಿ. ಹೊರನಾಡು ಅಭ್ಯರ್ಥಿಗಳ ಕನ್ನಡ ಪರೀಕ್ಷೆಗೆ ಮುಂಬಯಿಯಲ್ಲಿ ಕೇಂದ್ರ ತೆರೆಯಲಿ. ಪಿಯುಸಿಯನ್ನು ಕರ್ನಾಟಕದಲ್ಲಿ ಓದಿ ಆ ಪರೀಕ್ಷೆಯನ್ನೂ ಗೆದ್ದ ಮಗುವಿಗೆ, ತಂದೆ ತಾಯಿಯ ಬದಲು ಅಜ್ಜ ಅಜ್ಜಿಯ ಏಳು ವರ್ಷದ ಓದನ್ನಾದರೂ ಒಪ್ಪಲಿ. ಅಲ್ಲಿಯವರೆಗೆ ವಾಶಿಯವರು ಎಸ್ಟೇಟ್ ಏಜೆಂಟರಿಗೆ ಫೋನ್ ಮಾಡುವ ಮೊದಲು ತಮ್ಮ ಹಳೆಯ ಶಾಲೆಯ ಹೆಡ್‌ಮಾಸ್ಟರಿಗೆ ಫೋನ್ ಮಾಡುವುದು ಕ್ಷೇಮ.